ಮುಚ್ಚಿಸಿದ ಗವಾಕ್ಷಿ

ಹಿಂದೂಪುರದ ನಮ್ಮ ಮಣ್ಣಿನ ಮಾಳಿಗೆಯ ಮಿದ್ದೆ ಮನೆಯನ್ನು ಹಾಳು ಮಾಡಿದವನು ನಾನೇ. ಅಪ್ಪನ ಕಾಲದಿಂದ ಮಳೆ, ಗೆದ್ದಲು ಎಲ್ಲವನ್ನೂ ತಡೆದು ನಿಂತಿದ್ದ ಮನೆ. ಅಕ್ಕನಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದೆ.

ಅಪ್ಪನ ಮಗ್ಗ ಅಕ್ಕನಿಗೆ ಬಂದಿತ್ತು. ಮದುವೆ ಬೇಡವೆಂದು ಆ ಮನೆಯಲ್ಲೇ ಉಳಿದು ರೇಷ್ಮೆ ನೇಯುತ್ತಿದ್ದಳು. ನೆಲದಲ್ಲಿ ಗುಂಡಿ, ಗುಂಡಿಯೊಳಗೆ ಅವಳ ಕಾಲು, ಎದುರಿಗೆ ಮಗ್ಗ. ಗೋಡೆ ಎರಡು ಮೊಳ ದಪ್ಪ. ಮೇಲೆ ತೊಲೆ, ಬಿದಿರು, ಅದರ ಮೇಲೆ ಮೊಳದಷ್ಟು ಮಣ್ಣು. ನೀರು ಇಳಿಯದಂತೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಕೆರೆಯಂಚಿನ ಚೌಳು ಮಣ್ಣು ಹೊತ್ತು ತಂದು ಹರಡಬೇಕು. ಸೂರಿನ ನಡುವೆ ಕೊಡದ ಬಾಯಷ್ಟು ಅಗಲದ ಒಂದು ಕಿಂಡಿ. ಅದನ್ನು ನಾವು ಗವಾಕ್ಷಿ ಅನ್ನುತ್ತೇವೆ. ಬೆಳಕು ಅದರಿಂದ ಬರುತ್ತಿತ್ತು, ಸೆಕೆ ಅದರಿಂದಲೇ ಹೋಗುತ್ತಿತ್ತು. ಬೇಸಿಗೆಯಲ್ಲಿ ಅಕ್ಕ ಬೆಳಿಗ್ಗೆಯೇ ನೆಲ ಸಾರಿಸಿ, ಗುಂಡಿಗೆ ನೀರು ಚಿಮುಕಿಸಿ, ಬಿಸಿಲೇರುವ ಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದಳು. ರೇಷ್ಮೆ ಎಳೆಗೆ ತಂಪು ಬೇಕು, ಒಣಗಿದರೆ ಪಟಪಟ ಹರಿಯುತ್ತದೆ. ಇದೆಲ್ಲ ದಿನಾ ನೋಡುತ್ತಲೇ ಬೆಳೆದವನು ನಾನು.

ನನಗೆ ಕಲ್ಯಾಣದುರ್ಗದಲ್ಲಿ ಕೆಲಸ. ಹೆಂಡತಿಗೆ ತಾಯಿಯಿಲ್ಲ, ಹಾಗಾಗಿ ಬಾಣಂತನಕ್ಕೆ ಅಕ್ಕನೇ ಮಗ್ಗ ನಿಲ್ಲಿಸಿ ಬಂದಳು. ಮೂರು ತಿಂಗಳು ಮಗುವಿಗೆ ಎರೆದಳು, ಬಾಣಂತಿಯನ್ನು ಕೂತಲ್ಲಿಂದ ಏಳಲು ಬಿಡಲಿಲ್ಲ. ಅವಳಿಗೂ ಏನಾದರೂ ಮಾಡಬೇಕು ಅನ್ನಿಸಿ, ಹೇಳದೆ ಕೇಳದೆ ಹಿಂದೂಪುರದ ಮನೆಗೆ ಮೇಸ್ತ್ರಿಯನ್ನು ಹಚ್ಚಿದೆ. ಸೂರಿನ ಮಣ್ಣು ತೆಗೆಸಿ ಕಾಂಕ್ರೀಟ್ ಹಾಕಿಸಿದೆ. ಗೋಡೆಗೆ ಒಳಗೂ ಹೊರಗೂ ಸಿಮೆಂಟ್, ಮಗ್ಗದ ಗುಂಡಿಯೊಂದನ್ನು ಬಿಟ್ಟು ನೆಲಕ್ಕೆಲ್ಲ ಟೈಲ್ಸ್.

ಗವಾಕ್ಷಿಯ ಹತ್ತಿರ ಬಂದಾಗ ಮೇಸ್ತ್ರಿ ಕೈ ನಿಲ್ಲಿಸಿ, ಇದನ್ನು ಮುಚ್ಚಬೇಡಿ ಅಂತ ತೆಲುಗು ಬೆರೆಸಿ ಹೇಳಿದ. “ದೀನ್ನಿ ಮೂಯೊದ್ದು ಸಾರ್. ಮುಚ್ಚಿದ್ರೆ ಸೆಕೆ ಎಲ್ಲಿಗೋಯ್ತದೆ?”

“ಫ್ಯಾನ್ ಹಾಕಿಸ್ತೀನಿ ಕಣಪ್ಪ, ಮುಚ್ಚು” ಅಂದೆ. ಕಸ ಉದುರುತ್ತದೆ, ಕೋತಿ ಇಣುಕುತ್ತದೆ ಎಂಬ ಕಾರಣಗಳೂ ನನ್ನಲ್ಲಿದ್ದವು. ದಡ್ಡನಿಗೆ ಕಾರಣಕ್ಕೇನು ಬರ? ಅವನು ಮುಚ್ಚಿದ.

ಅಕ್ಕ ಹಿಂದಿರುಗಿ ಹೊಸ್ತಿಲಲ್ಲಿ ನಿಂತಳು. ಮೊದಲು ತಲೆಯೆತ್ತಿ ನೋಡಿದ್ದು ಗವಾಕ್ಷಿ ಇದ್ದ ಜಾಗವನ್ನು.

“ಸಂದಾಗೈತೆ ಕಣಪ್ಪ. ಇನ್ಮ್ಯಾಕೆ ಮಣ್ಣು ಹೊರೋದು ತಪ್ತು” ಅಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ.

ಯುಗಾದಿ ಕಳೆಯುತ್ತಿದ್ದಂತೆ ಎಳೆಗಳು ಹರಿಯತೊಡಗಿದವು. ಕಾಂಕ್ರೀಟು ಹಗಲೆಲ್ಲ ಕಾದು ಆ ಕಾವನ್ನು ಒಳಗೇ ಇಳಿಸುತ್ತಿತ್ತು. ಚಿಮುಕಿಸಿದ ನೀರು ಟೈಲ್ಸ್ ಮೇಲೆ ಇಂಗದೆ ಕಾಲು ಜಾರಿಸುತ್ತಿತ್ತು. ಅಕ್ಕ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿದಳು. ನಾನು ಕೂಲರ್ ಕೊಂಡೊಯ್ದೆ. ಅದರ ಗಾಳಿಗೆ ಮಗ್ಗದ ಹಾಸಿನ ಎಳೆಗಳು ಒಂದಕ್ಕೊಂದು ಸಿಕ್ಕುಬಿದ್ದವು. ನೇಯ್ದದ್ದಕ್ಕಿಂತ ಗಂಟು ಹಾಕಿದ್ದೇ ಹೆಚ್ಚಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕತೆ ನನ್ನದು. ಮತ್ತೆ ಮೇಸ್ತ್ರಿಯ ಬಳಿಗೇ ಹೋಗಿ, ಎಲ್ಲ ಕಿತ್ತು ಮೊದಲಿನಂತೆ ಮಾಡಿಕೊಡು ಅಂದೆ.

“ಈಗ ಕಾಂಕ್ರೀಟ್ ಒಡ್ದು ಸಿಮೆಂಟ್ ಕಿತ್ರೆ ಗೋಡೆನೂ ಜತೇಲೇ ಬತ್ತದೆ ಸಾರ್” ಅಂದ.

ಎರಡನೇ ಬೇಸಿಗೆಗೆ ಅಕ್ಕ ಮಗ್ಗ ಬಿಚ್ಚಿ ಮೂಲೆಗಿಟ್ಟಳು, ಗುಂಡಿಗೆ ಹಲಗೆ ಮುಚ್ಚಿದಳು.

ಹೋದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಹೋದೆ. ಮನೆಗೆ ಬೀಗ. ಪಕ್ಕದವರು ಹಿಂದಿನ ಬೀದಿ ತೋರಿಸಿದರು. ಅಲ್ಲಿ ಇನ್ನೂ ಉಳಿದಿರುವ ಒಂದು ಮಿದ್ದೆ ಮನೆಯಲ್ಲಿ, ಬೇರೆಯವರ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಅಕ್ಕ ಕೂಲಿಗೆ ನೇಯುತ್ತಿದ್ದಳು. ಗವಾಕ್ಷಿಯ ಬೆಳಕು ಅವಳ ಕೈಮೇಲಿತ್ತು. ಒಳಗೆ ಹೋಗಲು ನನಗೆ ಮುಖವಿರಲಿಲ್ಲ, ಬಾಗಿಲಲ್ಲೇ ನಿಂತೆ. ಅಕ್ಕ ಲಾಳಿ ನಿಲ್ಲಿಸಿ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ಬೀಗದ ಕೈ ಕೊಡಕ್ಕ, ನಾವು ಮನೇಲಿ ಕಾಯ್ತೀವಿ” ಅಂದೆ.

“ಬ್ಯಾಡ ಕಣಪ್ಪ. ಮಗೀನ ಆ ಸೆಕೇಲಿ ಯಾಕೆ ಕೂರಿಸ್ತೀಯ? ಇಲ್ಲೇ ಇರ್ಲಿ” ಅಂದಳು.