ಮೂರನೆಯ ಗುಂಡಿ

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಊರಿನ ಮುನಿಸಿಪಾಲಿಟಿಗೆ ಹೊಸ ಸಾಹೇಬರು ಬಂದರು. ರಂಗಾರಿ ನರಸಿಂಗನ ಅಂಗಡಿಯಿಂದ ಬೀದಿಗೆ ಹರಿಯುತ್ತಿದ್ದ ಬಣ್ಣದ ನೀರು ಕಂಡು ಕೆಂಡವಾದರು. "ನಿಮ್ಮ ಕೊಳೆನೀರನ್ನು ನಿಮ್ಮ ಅಂಗಳದಲ್ಲೇ ತಿಳಿಮಾಡಿ. ಇಲ್ಲವೇ ಅಂಗಡಿ ಮುಚ್ಚಿ," ಎಂದರು. ನೂಲಿಗೆ ಬಣ್ಣ ಹಾಕುವುದು ಬಿಟ್ಟರೆ ನರಸಿಂಗನಿಗೆ ಬೇರೇನೂ ಬಾರದು. ಅಂಗಡಿ ಹೋದರೆ ಮನೆಯ ಒಲೆ ಹೊತ್ತುವಂತಿರಲಿಲ್ಲ.

ತಲೆ ಕೆರೆದುಕೊಂಡು ಮೂರು ಗುಂಡಿ ತೋಡಿದ. ಮೊದಲನೆಯದರಲ್ಲಿ ಸುಣ್ಣ ಕಲಸಿ ಬಣ್ಣವನ್ನು ತಳಕ್ಕಿಳಿಸುವುದು, ಎರಡನೆಯದರಲ್ಲಿ ಮರಳು, ಇದ್ದಿಲಲ್ಲಿ ಸೋಸುವುದು, ಮೂರನೆಯದರಲ್ಲಿ ಇಂಗಿಸುವುದು. ಲೆಕ್ಕವೇನೋ ಸರಿಯಿತ್ತು. ಆದರೆ ಮೂರನೆಯ ಗುಂಡಿಯ ತಳದ ಕೆಂಪುಕಲ್ಲು ಹಾರೆಗೆ ಬಿರುಕುಬಿಟ್ಟು, ಸುರಿದಷ್ಟೂ ನೀರನ್ನು ಗಟಗಟ ಕುಡಿಯತೊಡಗಿತು. ನರಸಿಂಗ ಹಿಗ್ಗಿ ಹೀರೇಕಾಯಿಯಾದ. ಇಷ್ಟು ಸಲೀಸಾಗಿ ನೀರು ಮಾಯವಾಗುವಾಗ ಸುಣ್ಣ, ಇದ್ದಿಲು ಯಾವ ಸೀಮೆಯ ದಂಡ? ಹೈದರಾಬಾದಿನಿಂದ ತರಿಸಿದ ಹೊಸ ಕೆಮಿಕಲ್ ಹಳದಿಯ ನೀರನ್ನು ನೇರ ಅಲ್ಲಿಗೇ ಬಿಟ್ಟ. ಸಾಹೇಬರು ಒಣಗಿದ ಬೀದಿ ನೋಡಿ ಬೆನ್ನು ತಟ್ಟಿ ಹೋದರು.

ಮರುದಿನ ಕೆಳಗಿನ ಓಣಿಯಲ್ಲಿ ಗದ್ದಲವೋ ಗದ್ದಲ. "ಮೈಲಾರ ಮಲ್ಲಣ್ಣ ಬಾವಿಗಿ ಅರಿಶಿಣದ ಭಂಡಾರ ಕಳಿಸ್ಯಾನ್ರೀ!" ಹೆಂಗಸರು ಬಾವಿಯ ಕಟ್ಟೆಗೆ ಕಾಯಿ ಒಡೆದು, ಹಳದಿ ನೀರನ್ನು ತೀರ್ಥವೆಂದು ಬೊಗಸೆ ಬೊಗಸೆ ಕುಡಿಯುತ್ತಿದ್ದರು. ಗದ್ದಲ ಕೇಳಿ ಓಡಿಬಂದ ನರಸಿಂಗನಿಗೆ ಅದೇ ಓಣಿಯಲ್ಲಿದ್ದ ತಂಗಿ ಶಾಲುಬಾಯಿ ಕಂಕುಳಲ್ಲಿ ಮೊಮ್ಮಗನನ್ನು ಎತ್ತಿಕೊಂಡು, ತಂಬಿಗೆ ಚಾಚಿ "ತಗೋ ಅಣ್ಣಾ" ಎಂದಳು.

ನರಸಿಂಗ ತಂಬಿಗೆಯೊಳಗೆ ಇಣುಕಿದ. ಅದು ಅವನದೇ ಹಳದಿ. ಊರಿನಡಿ ಬಾದಶಹರ ಕಾಲದ ನೀರಿನ ಸುರಂಗಗಳಿವೆಯೆಂದು ಬೀದರಿನಲ್ಲಿ ಎಲ್ಲರಿಗೂ ಗೊತ್ತು. ಎಲ್ಲೆಲ್ಲಿ ಹಾದುಹೋಗಿವೆಯೆಂದು ಯಾರಿಗೂ ಗೊತ್ತಿಲ್ಲ. ಈ ಬಾವಿಗೆ ಬರುವ ಒಂದನ್ನು ಅವನ ಹಾರೆ ಹುಡುಕಿಬಿಟ್ಟಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅಂಗಡಿ ಉಳಿಯುತ್ತಿತ್ತು.

"ಕುಡೀಬ್ಯಾಡ್ರಿ! ಇದು ನನ್ನ ಬಣ್ಣದ ನೀರ್ರಿ, ವಿಷ ಅದ!"

"ದೇವರ ಮ್ಯಾಲ ಯಾಕೋ ನಿನಗ ಹೊಟ್ಟಿಕಿಚ್ಚು?" ಎಂದು ಮುದುಕಿಯೊಬ್ಬಳು ಬೈದು ಇನ್ನೊಂದು ಬೊಗಸೆ ಕುಡಿದಳು. ಇವರು ಕಣ್ಣಾರೆ ಕಂಡ ಹೊರತು ನಂಬುವವರಲ್ಲ. ನರಸಿಂಗ ಅಂಗಡಿಗೆ ಓಡಿದ. ಬಾನಿಯಲ್ಲಿದ್ದ ಕೆಂಪು ಬಣ್ಣವನ್ನೆಲ್ಲ ಮೂರನೆಯ ಗುಂಡಿಗೆ ಸುರಿದು ಏದುಸಿರು ಬಿಡುತ್ತ ವಾಪಸು ಬಂದ. ಸ್ವಲ್ಪ ಹೊತ್ತಿಗೆ ಬಾವಿಯ ಒಂದು ಮೂಲೆಯಿಂದ ಕೆಂಪು ಹೊರಟು ನೀರಿಗೆಲ್ಲ ಹಬ್ಬಿತು. ಮುದುಕಿ ಬೊಗಸೆಯಲ್ಲಿದ್ದ ನೀರನ್ನು ಚೆಲ್ಲಿದಳು. ಆಮೇಲೆ ಯಾರೋ ಸಾಹೇಬರನ್ನು ಕರೆಯಲು ಓಡಿದರು. ಅಂಗಡಿ ಹೋಯಿತೆಂದು ನರಸಿಂಗನಿಗೆ ಗೊತ್ತಾಯಿತು.

ಶಾಲುಬಾಯಿ ಮಾತ್ರ ಬಾವಿಯತ್ತ ನೋಡಲಿಲ್ಲ. ಮೊಮ್ಮಗನ ಬಾಯಿಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

"ಅಣ್ಣಾ," ಎಂದಳು, "ಮುಂಜಾನಿಂದ ಕೂಸಿಗಿ ಇದನ್ನ ಕುಡಸೀನಲ್ಲೋ."