ಸಂತುವಿಗೆ ಸೆಂಟರು ಹುಡುಕಿದ ದಿನ

ಬೆಳಿಗ್ಗೆ ಎಂಟೂವರೆಗೆ ತೊಕ್ಕೊಟ್ಟಿನಲ್ಲಿ ಬಸ್ಸು ಹತ್ತುವಾಗಲೇ ನನ್ನ ಅರ್ಧ ತಾಳ್ಮೆ ಮುಗಿದಿತ್ತು. ನನ್ನ ತಮ್ಮ ಸಂತುವಿನ ಕಾಲಿಗೆ ಅಮ್ಮ ಹೊಸ ಶೂ ಹಾಕಿಸಿದ್ದರು. "ನಾಲ್ಕು ಜನರ ಎದುರು ಹೋಗುವುದಲ್ಲವಾ, ರಬ್ಬರ್ ಚಪ್ಪಲಿಯಲ್ಲಿ ಹೇಗೆ ಕಳಿಸುವುದು?" ಎಂದು ಅವರ ವಾದ. ಅದಕ್ಕೇ ಕಾಲು ಗಂಟೆ ಹೋಯಿತು. ಸಂತುವಿಗೆ ಇಪ್ಪತ್ತಾರು ವರ್ಷ. ಆಟಿಸಂ ಇದೆ, ಮಾತಿಲ್ಲ. ಕಿಟಕಿ ಸೀಟು ಸಿಕ್ಕಿದರೆ ನೇತ್ರಾವತಿ ಸೇತುವೆ ಮುಗಿಯುವವರೆಗೆ ನೀರು ನೋಡುತ್ತಾ ಕೂರುತ್ತಾನೆ. ಅಂದು ಸಿಕ್ಕಿತು. ಟಿಕೆಟು ತಲೆಗೆ ಇಪ್ಪತ್ತು ರೂಪಾಯಿ, ಸೆಕೆ ಧರ್ಮಕ್ಕೆ.

ಹೊರಟದ್ದು ಅವನಿಗೊಂದು ಬಿಹೇವಿಯರ್ ಥೆರಪಿ ಸೆಂಟರು ಹುಡುಕಲಿಕ್ಕೆ. ಹಳೆಯದನ್ನು ಬಿಡಿಸಿದ ಕಾರಣವನ್ನೂ ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ಅವನು ಎಂಟು ದಿನ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಸೆಂಟರಿನವರು ಅದನ್ನು ನಿಲ್ಲಿಸಲು ಹೊರಟರು. ಕೈ ಕೆಳಗಿಟ್ಟರೆ ಒಂದು ತುಂಡು ಚಿಕ್ಕಿ. ಒಂಬತ್ತನೆಯ ದಿನ ಮುಖ ಊದಿತು. ಹಲ್ಲಿನ ಡಾಕ್ಟರು ನೋಡಿದರೆ ದವಡೆಯಲ್ಲಿ ಕೀವು. ಎಂಟು ದಿನ ಅವನು ನೋವು ಎನ್ನುತ್ತಿದ್ದ, ನಾವು ಚಿಕ್ಕಿ ಕೊಡುತ್ತಿದ್ದೆವು. ಎಲ್ಲಿ ನೋವೆಂದು ಹೇಳಲು ಅವನಿಗೆ ಕಲಿಸುವವರು ಬೇಕು, ನನಗೆ ಬೇರೇನೂ ಬೇಡ. ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಪ್ರಶ್ನೆಗಳನ್ನು ಬರೆದುಕೊಂಡಿದ್ದೆ: ದಿನಾ ಅವನ ಜೊತೆ ಕೂರುವವರು ಯಾರು, ಏನು ಕಲಿತವರು, ಅವರ ಕೆಲಸವನ್ನು ಪರೀಕ್ಷಿಸುವವರು ಯಾರು, ನಾನು ಒಳಗೆ ಕೂರಬಹುದೇ, ಹೊಡೆದುಕೊಂಡರೆ ಮೊದಲು ಕಾರಣ ಹುಡುಕುತ್ತೀರಾ.

ಮೊದಲನೆಯದು ಕಂಕನಾಡಿಯಲ್ಲಿ, ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು. ಗೋಡೆ ತುಂಬ ಸರ್ಟಿಫಿಕೇಟು. ಕುರ್ಚಿಗಳೆಲ್ಲ ಅಂಗನವಾಡಿ ಅಳತೆಯವು. ಸಂತು ಮೊಣಕಾಲನ್ನು ಎದೆಗೆ ತಾಗಿಸಿಕೊಂಡು ಕೂತ.

"ನಮ್ಮ ಥೆರಪಿಸ್ಟ್ ಎಲ್ಲ ಟ್ರೈನ್ಡ್ ಮೇಡಂ," ಎಂದರು ಮ್ಯಾನೇಜರು.

"ಎಂತ ಟ್ರೈನಿಂಗ್?"

"ನಮ್ಮದೇ. ಮೂರು ದಿನದ್ದು."

"ನಾನು ಒಳಗೆ ಕೂರಬಹುದಾ?"

"ಮನೆಯವರಿಗೆ ಒಳಗೆ ಬಿಡುವುದಿಲ್ಲ. ಬಾಗಿಲಿನಲ್ಲಿ ಗ್ಲಾಸ್ ಉಂಟಲ್ಲ, ಅದರಲ್ಲಿ ನೋಡಿ."

ಗ್ಲಾಸ್ ಇತ್ತು, ನಿಜ. ಅದರ ಮೇಲೆ ಇಡೀ ಆನೆಯ ಚಿತ್ರ ಅಂಟಿಸಿದ್ದರು. ಇಷ್ಟರಲ್ಲಿ ಸಂತು ಎಡಗಾಲಿನ ಶೂ ಬಿಚ್ಚಿದ್ದ. "ಶೂ ಪಾಡ್ಲ ಮಾರಾಯ," ಶೂ ಹಾಕಿಕೋ ಎಂದು ತುಳುವಿನಲ್ಲಿ ಗದರಿಸಿ ನಾನೇ ಹಾಕಿ ಎಬ್ಬಿಸಿದೆ.

ಅಲ್ಲಿಂದ ಕದ್ರಿಗೆ ಆಟೋ. ಮೊದಲು ಹೋಟೆಲಿಗೆ ಹೋಗಿ ಬನ್ಸ್, ಚಹಾ ಮುಗಿಸಿದೆವು. ಮೇಜಿನ ಅಡಿಯಲ್ಲಿ ಮತ್ತೆ ಶೂ ಬಿಚ್ಚಿದ, ಮತ್ತೆ ಹಾಕಿದೆ. ಕದ್ರಿಯ ಸೆಂಟರಿನಲ್ಲಿ ಏಸಿ ಇತ್ತು. ಕೋಟು ಹಾಕಿದ ಹುಡುಗಿಯೊಬ್ಬಳು ಹತ್ತೇ ನಿಮಿಷದಲ್ಲಿ ಸಂತುವಿನ ಪ್ಲಾನು ತಂದು ಕೊಟ್ಟಳು. ಬಣ್ಣ ಗುರುತಿಸುವುದು, ಎರಡು ಶಿಶುಗೀತೆ ಹೇಳುವುದು, ಪೆನ್ಸಿಲ್ ಹಿಡಿಯುವುದು. ಮೇಲೆ ಹೆಸರಿನ ಜಾಗಕ್ಕೆ ಬಿಳಿ ಬಳಿದು ಅದರ ಮೇಲೆ ಸಂತೋಷ್ ಎಂದು ಬರೆದಿತ್ತು.

"ಇದು ಬೇರೆ ಯಾರದೋ ಅಲ್ವಾ?"

"ಸೇಮ್ ಕಂಡೀಷನ್ ಮೇಡಂ, ಹಾಗೆ ಸೇಮ್ ಪ್ಲಾನ್."

ಗಡ್ಡ ಬಂದವನಿಗೆ ಶಿಶುಗೀತೆ! ನಾನು ಬಾಯಿ ತೆರೆಯುವ ಮೊದಲೇ ಸಂತು ಶೂ ಬಿಚ್ಚಿದ. ಹುಡುಗಿ ಅದನ್ನು ನೋಡಿ ಪ್ಲಾನಿನ ಕೊನೆಗೆ ಪೆನ್ನಿನಲ್ಲಿ ಸೇರಿಸಿದಳು: ಶೂ ಬಿಚ್ಚುವ ಅಭ್ಯಾಸ, ನಿಲ್ಲಿಸಬೇಕು. "ಎರಡು ತಿಂಗಳಲ್ಲಿ ನಿಲ್ಲಿಸಿ ಕೊಡ್ತೇವೆ," ಎಂದು ನಕ್ಕಳು. ಲೇಸು ಬಿಗಿದು ಹೊರಬಿದ್ದೆ.

ಮೂರನೆಯದು ಬಿಜೈಯಲ್ಲಿ, ಸರ್ಕಾರಿ ಬಸ್ ನಿಲ್ದಾಣದಿಂದ ಒಳಗೆ ಒಂದು ಓಣಿ. ಮಧ್ಯಾಹ್ನದ ಬಿಸಿಲಿನಲ್ಲಿ ವಿಳಾಸ ಹುಡುಕುತ್ತಾ ಮುಕ್ಕಾಲು ಗಂಟೆ ನಡೆದೆವು. ಸಂತು ಹಿಂದೆ ಬೀಳುತ್ತಿದ್ದ, ನಾನು ಕೈ ಹಿಡಿದು ಎಳೆಯುತ್ತಿದ್ದೆ. ಅಲ್ಲಿದ್ದದ್ದು ಎರಡು ಕೋಣೆ ಮತ್ತು ಶರ್ಮಿಳಾ ಟೀಚರ್ ಎಂಬ ಐವತ್ತರ ಹೆಂಗಸು. ಅವರು ಒಳಗಿನಿಂದ ಸಂತುವಿಗೆ ದೊಡ್ಡ ಕುರ್ಚಿ ತಂದಿಟ್ಟರು. ನನ್ನ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟರು. ದಿನಾ ಜೊತೆ ಕೂರುವವರು ತಾವೇ, ಕಲಿಯುತ್ತಿರುವ ಹುಡುಗಿಯೊಬ್ಬಳಿದ್ದಾಳೆ, ಅವಳನ್ನು ಒಬ್ಬಳೇ ಬಿಡುವುದಿಲ್ಲ, ತಮ್ಮ ಕೆಲಸವನ್ನು ತಿಂಗಳಿಗೊಮ್ಮೆ ಹಿರಿಯರೊಬ್ಬರು ಬಂದು ನೋಡುತ್ತಾರೆ, ಮನೆಯವರು ಯಾವಾಗ ಬೇಕಾದರೂ ಒಳಗೆ ಕೂರಬಹುದು.

"ಹಾಗಾದರೆ ಶುರು ಯಾವಾಗ?"

"ಎರಡು ವಾರ ಸುಮ್ಮನೆ ನೋಡ್ತೇನೆ. ಎಂತ ಕಲಿಸಬೇಕು ಅಂತ ಆಮೇಲೆ ಹೇಳ್ತೇನೆ." ಅಷ್ಟು ಹೇಳಿ ಅವರು ಸಂತುವಿನ ಕಡೆ ತಿರುಗಿದರು. ಅವನು ಮತ್ತೆ ಶೂ ಬಿಚ್ಚಿದ್ದ. "ಇವರು ಶೂ ಬಿಚ್ಚುವುದು ಯಾಕೆ?"

"ಅದು ಹಾಗೇ ಟೀಚರ್, ಬಿಡಿ. ಎರಡು ವಾರ ಸುಮ್ಮನೆ ನೋಡುವುದು ಅಂದರೆ ಎಂತ?"

ಬೇರೆಯವರು ನಾಳೆಯೇ ಶುರು ಎನ್ನುವಾಗ ಇವರಿಗೆ ನೋಡಲಿಕ್ಕೇ ಎರಡು ವಾರವಂತೆ. ನನಗೆ ರೇಗಿತು. ಆಲೋಚಿಸಿ ಹೇಳುತ್ತೇನೆಂದು ಎದ್ದೆ. ಬಾಗಿಲ ಬಳಿ ಕೂತು ಅವನಿಗೆ ಶೂ ಹಾಕಿದೆ. ಓಣಿ ದಾಟುವ ಮೊದಲೇ ಬಿಜೈಯನ್ನೂ ಪಟ್ಟಿಯಿಂದ ಹೊಡೆದುಹಾಕಿದೆ.

ಸಂಜೆ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತ್ತು. ನೇತ್ರಾವತಿ ಬಂತು. ಸಂತು ನೀರು ನೋಡಲಿಲ್ಲ. ಬಗ್ಗಿ ಎಡಗಾಲಿನ ಶೂ ಬಿಚ್ಚಿದ, ಕಾಲುಚೀಲವನ್ನೂ ಎಳೆದ, ನನ್ನ ಕೈ ಹಿಡಿದು ತನ್ನ ಹಿಮ್ಮಡಿಯ ಮೇಲಿಟ್ಟ. ಒದ್ದೆಯಾಗಿತ್ತು. ಶೂ ಕಚ್ಚಿ ಗುಳ್ಳೆ ಎದ್ದು, ಒಡೆದು, ಚರ್ಮ ಸುಲಿದು ರಕ್ತ ಬಂದಿತ್ತು.

ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದ. ನಾಲ್ಕು ಸಲವೂ ಲೇಸು ಬಿಗಿದವಳು ನಾನು. ನಾನು ಅಲ್ಲೇ ಬಸ್ಸಿನಲ್ಲಿ ಅತ್ತುಬಿಟ್ಟೆ. ಕಂಡಕ್ಟರ್ ನೋಡಿಯೂ ನೋಡದ ಹಾಗೆ ಮುಂದೆ ಹೋದ.

ತೊಕ್ಕೊಟ್ಟಿನಲ್ಲಿ ಇಳಿದು ಬಿಜೈಗೆ ಫೋನು ಮಾಡಿದೆ. "ಟೀಚರ್, ಶೂ ಯಾಕೆ ಬಿಚ್ಚುವುದು ಅಂತ ಕೇಳಿದಿರಲ್ಲ. ಕಚ್ಚಿತ್ತು. ಕಾಲು ಸುಲಿದಿದೆ."

"ಹಾಗಾದರೆ ನೋವು ಹೇಳ್ಲಿಕ್ಕೆ ಅವರಿಗೆ ಗೊತ್ತುಂಟು," ಎಂದರು. "ಸೋಮವಾರ ಕರ್ಕೊಂಡು ಬನ್ನಿ. ಆ ಎರಡು ವಾರ ನೀವೂ ಒಟ್ಟಿಗೆ ಕೂರಿ."

ಹೂಂ ಎಂದೆ. ಸಂತು ಬರಿಗಾಲಿನಲ್ಲಿ ಆಗಲೇ ಮನೆಯ ದಾರಿ ಹಿಡಿದಿದ್ದ. ಹೊಸ ಶೂಗಳನ್ನು ಕೈಯಲ್ಲಿ ಹಿಡಿದುಕೊಂಡು ನಾನು ಅವನ ಹಿಂದೆ ನಡೆದೆ.