ಸೀಟಿನ ಮೇಲಿನ ಭಾರ

ಇದನ್ನು ಓದಿ ವೈರಿಂಗ್ ದೋಷ ಎನ್ನುವವರು ಅನ್ನಲಿ. ಆ ವೈರಿಂಗನ್ನು ಮರುದಿನ ಬೆಳಗ್ಗೆ ತುದಿಯಿಂದ ತುದಿಗೆ ಬಿಚ್ಚಿ, ಮೀಟರ್ ಹಿಡಿದು ಪರೀಕ್ಷಿಸಿದವನು ನಾನು. ದೋಷ ಸಿಕ್ಕಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ. ನನಗೆ ಶೋಭೆ ತರದ ಭಾಗವನ್ನೂ ಬಿಟ್ಟಿಲ್ಲ.

ನಾನು ಶಿಕಾರಿಪುರದವನು. ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಎಂಜಿನ್ನಿನ ವಿದ್ಯೆಯನ್ನು ಪಂಪ್‌ಸೆಟ್ಟುಗಳನ್ನು ಬಿಚ್ಚಿ ಜೋಡಿಸುತ್ತಾ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಕೈಪಿಡಿಗಳನ್ನು ಓದುತ್ತಾ ಕಲಿತೆ. ಯಾರು ಏನೇ ಹೇಳಲಿ, ಬಿಚ್ಚಿ ನೋಡುವ ತನಕ ನಾನು ಒಪ್ಪುವುದಿಲ್ಲ. ಒಂದು ದೊಡ್ಡ ವಾಹನ ಕಂಪನಿಯ ಸಂಶೋಧನಾ ವಿಭಾಗ ಈ ಮುದಿ ವಯಸ್ಸಿನಲ್ಲಿ ನನ್ನನ್ನು ಕರೆದು ಕೆಲಸ ಕೊಟ್ಟದ್ದು ಈ ಹಟದ ಕಾರಣಕ್ಕೇ.

ಮಾರುಕಟ್ಟೆಗೆ ಇನ್ನೂ ಬಾರದ ಟ್ರ್ಯಾಕ್ಟರೊಂದನ್ನು ಅವರು ಹೊಸಬಾಳೆ ಕಡೆಯ ಗದ್ದೆ ಬಯಲಿನಲ್ಲಿ ಪರೀಕ್ಷೆಗೆ ಬಿಟ್ಟಿದ್ದರು. ನಮ್ಮ ಅಂಟು ಮಣ್ಣಿನಲ್ಲಿ ಅದು ಹಿಂದೆ ಮಣ್ಣು ಕೊಚ್ಚುವ ರೋಟವೇಟರ್ ಕಟ್ಟಿಕೊಂಡು ಗೊತ್ತುಪಡಿಸಿದಷ್ಟು ಗಂಟೆ ಓಡಬೇಕಿತ್ತು. ಹಗಲಿಗೊಂದು ಪಾಳಿ, ಸಂಜೆಗೊಂದು ಪಾಳಿ. ಎಂಜಿನ್ನಿನ ಬಿಸಿ, ಎಣ್ಣೆಯ ಒತ್ತಡ, ಶಬ್ದದಲ್ಲಾಗುವ ಬದಲಾವಣೆ, ಇವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ.

ಆ ಟ್ರ್ಯಾಕ್ಟರಿನ ಸೀಟಿನ ಕೆಳಗೆ ಒಂದು ಸ್ವಿಚ್ಚಿತ್ತು. ಚಾಲಕ ಕುಳಿತಿದ್ದರೆ ಮಾತ್ರ ರೋಟವೇಟರಿನ ಅಲಗುಗಳು ತಿರುಗುತ್ತವೆ. ಅವನು ಎದ್ದರೆ ಎಂಜಿನ್ ಓಡುತ್ತಿದ್ದರೂ ಅಲಗುಗಳು ನಿಲ್ಲುತ್ತವೆ. ಜೀವ ಉಳಿಸುವ ಏರ್ಪಾಡು. ಆದರೆ ಗದ್ದೆಯ ಏರುತಗ್ಗಿನಲ್ಲಿ ಚಾಲಕ ಚೂರು ಪುಟಿದರೂ ಅಲಗುಗಳು ನಿಂತುಬಿಡುತ್ತಿದ್ದವು. ಪರೀಕ್ಷೆಯ ಗಂಟೆಗಳು ಮುಗಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಚಾಲಕ ಹಾಲೇಶ ಸತ್ತ.

ಹೊಸಬಾಳೆಯವನೇ, ಮೂವತ್ತೈದು ದಾಟಿರಲಿಲ್ಲ. ಅಲಗುಗಳಿಗೆ ಹುಲ್ಲು ಸುತ್ತಿಕೊಂಡು ರೋಟವೇಟರ್ ಕಚ್ಚಿ ನಿಂತಾಗ, ಸ್ವಿಚ್ಚನ್ನು ನಂಬಿ ಕೆಳಗಿಳಿದ. ಹುಲ್ಲು ಬಿಡಿಸುತ್ತಿದ್ದಂತೆ ಅಲಗುಗಳು ಒಮ್ಮೆಲೇ ತಿರುಗಿದವು... ಮುಂದಿನದನ್ನು ಬರೆಯಲಾರೆ.

ಪರೀಕ್ಷೆಯ ಹೊಣೆ ಹೊತ್ತಿದ್ದ ಎಂಜಿನಿಯರ್ ಶ್ರೀನಿಧಿ ವರದಿ ಬರೆದ. ಚಾಲಕನೇ ಸೀಟನ್ನು ಹಗ್ಗದಿಂದ ಬಿಗಿದು ಸ್ವಿಚ್ಚು ಸದಾ ಒತ್ತಿರುವಂತೆ ಮಾಡಿಕೊಂಡಿದ್ದ ಎಂಬುದು ಅದರ ಸಾರ. ಸೀಟಿಗೆ ಹಗ್ಗವೇನೋ ಇತ್ತು. ಎಲ್ಲರೂ ನಂಬಿದರು. ನಾನು ನಂಬಲಿಲ್ಲ. ಹಾಲೇಶ ಅದನ್ನು ಮೊದಲೇ ಕಟ್ಟಿದ್ದರೆ ಸೀಟಿನ ಮೇಲಿನ ಕೆಸರಿನಲ್ಲಿ ಹಗ್ಗ ಉಜ್ಜಿದ ಗುರುತಿರಬೇಕಿತ್ತು. ಇರಲಿಲ್ಲ. ಸ್ವಿಚ್ಚಿನ ಎರಡು ಪಿನ್ನುಗಳ ಮೇಲೆ ಮಾತ್ರ ಹೊಸ ಗೀರುಗಳಿದ್ದವು. ಸೀಟು ಖಾಲಿಯಿದ್ದರೂ ಅಲಗು ತಿರುಗುವಂತೆ ಯಾರೋ ನಡುವೆ ತುಂಡು ವೈರು ಹಾಕಿ, ಆಮೇಲೆ ಕಿತ್ತಿದ್ದರು.

ಶ್ರೀನಿಧಿಯನ್ನೇ ಕೇಳಿದೆ. ಅವನು ಫೋನಿನಿಂದ ತಲೆ ಎತ್ತಲಿಲ್ಲ.

"ಅಜ್ಜಾರೇ, ನೀವು ಓದಿದ್ದು ಎಷ್ಟನೇ ಕ್ಲಾಸು?"

ಹಾಲೇಶನ ಹೆಂಡತಿ ಗಿರಿಜಮ್ಮ ಕೇಳಿಕೊಂಡದ್ದು ಒಂದೇ. "ನಂಗೇನೂ ಬ್ಯಾಡ ರೀ. ಹಗ್ಗ ಕಟ್ಟಿದ್ರು ಅಂತ ಬರ್ದಾರಲ್ಲ, ಆ ಮಾತೊಂದು ತೆಗ್ಸಿ. ಸೋಮಾರಿ ಆಗಿದ್ದಕ್ಕೇ ಸತ್ತ ಅಂತ ಊರಲ್ಲಿ ನನ್ನ ಎದುರಿಗೇ ಆಡ್ಕೋತಾರೆ."

ಕಂಪನಿಯ ಮೇಲಿನವರಿಗೆ ಮೂರು ಪತ್ರ ಬರೆದೆ. ಉತ್ತರ ಬರಲಿಲ್ಲ. ಆಮೇಲೆ ನನ್ನೊಳಗೆ ಬೆಳೆದದ್ದನ್ನು ಸಿಟ್ಟು ಎಂದರೆ ಸಾಲದು. ಊಟಕ್ಕೆ ಕುಳಿತಾಗಲೂ ಶ್ರೀನಿಧಿಯ ಕೈ ಆ ಅಲಗುಗಳ ನಡುವೆ ಇರುವುದನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಅನ್ನ ರುಚಿಯಾಗುತ್ತಿತ್ತು.

ಅದೇ ಟ್ರ್ಯಾಕ್ಟರನ್ನು ತೊಳೆದು ಮತ್ತೆ ಗದ್ದೆಗಿಳಿಸಿದರು. ಕೊನೆಯ ಕೆಲವು ಗಂಟೆಗಳು ಬಾಕಿಯಿದ್ದವು. ಆ ಸಂಜೆ ಇನ್ನೊಬ್ಬ ಚಾಲಕ ಮಂಜಪ್ಪ ಕೈಕಟ್ಟಿ ದೂರ ನಿಂತ.

"ನಾ ಹತ್ತಲ್ಲ ಸಾರ್. ಕೂತ್ರೆ ಯಾರದೋ ತೊಡೆ ಮೇಲೆ ಕೂತಂಗಾಗ್ತದೆ."

"ತೊಡೆ ಮೆತ್ತಗಿದ್ರೆ ನಂಗೇ ಬೇಕಪ್ಪ, ಬೆನ್ನು ನೋವು," ಎಂದು ನಕ್ಕ ಶ್ರೀನಿಧಿ ತಾನೇ ಹತ್ತಿದ. ಮಂಜಪ್ಪ ಊಟ ತರುತ್ತೇನೆಂದು ಊರ ಕಡೆ ನಡೆದುಬಿಟ್ಟ.

ಅದಕ್ಕೂ ಮೊದಲು, ಹಗಲಿರುವಾಗಲೇ, ಸ್ವಿಚ್ಚನ್ನು ನಾನೇ ಹತ್ತು ಸಲ ಪರೀಕ್ಷಿಸಿದ್ದೆ. ಕೂತರೆ ಅಲಗು ತಿರುಗುತ್ತಿತ್ತು, ಎದ್ದರೆ ನಿಲ್ಲುತ್ತಿತ್ತು. ಹತ್ತಕ್ಕೆ ಹತ್ತೂ ಸರಿ.

ಕತ್ತಲಾಯಿತು. ದೀಪ ಹಾಕಿಕೊಂಡು ಟ್ರ್ಯಾಕ್ಟರು ಹೋಗುತ್ತಿತ್ತು, ಬರುತ್ತಿತ್ತು. ಅಂಬ್ಲಿಗೊಳ ಜಲಾಶಯದ ನೀರು ಬರುವ ಕಾಲುವೆಯ ಬದುವಿನ ಮೇಲೆ ಟಾರ್ಚು, ಪುಸ್ತಕ ಹಿಡಿದು ನಾನು ಕುಳಿತಿದ್ದೆ. ಹಸಿ ಮಣ್ಣಿನ ವಾಸನೆ, ಡೀಸೆಲ್ ಹೊಗೆಯ ವಾಸನೆ. ಕಾಲುವೆಯ ತುಂಬ ಕಪ್ಪೆಗಳ ಸದ್ದು.

ಏಳೂವರೆಯ ಸುಮಾರಿಗೆ ಕಪ್ಪೆಗಳ ಸದ್ದು ನಿಂತಿತು.

ಅದೇ ಹೊತ್ತಿಗೆ ರೋಟವೇಟರೂ ಹುಲ್ಲು ಸುತ್ತಿಕೊಂಡು ನಿಂತಿತು. ಶ್ರೀನಿಧಿ ಇಳಿದು ಹಿಂದಕ್ಕೆ ಬಂದು ಬಗ್ಗಿದ. ಎಂಜಿನ್ ಖಾಲಿ ಓಡುತ್ತಿತ್ತು... ನೋಡುತ್ತಿದ್ದಂತೆ ಅದರ ದನಿ ಇಳಿಯಿತು. ಭಾರ ಬಿದ್ದಾಗ ಮಾತ್ರ ಬರುವ ದನಿ ಅದು. ಸುಟ್ಟ ಕ್ಲಚ್ಚಿನ ಘಾಟು ಮೂಗಿಗೆ ಬಡಿಯಿತು.

"ಅಜ್ಜಾರೇ..."

ಹೋಗಿ ಟಾರ್ಚು ಹಾಕಿದೆ. ಅವನ ಕೊರಳಲ್ಲಿದ್ದ ಗುರುತಿನ ಚೀಟಿಯ ಪಟ್ಟಿ ರೋಟವೇಟರಿನ ದಂಡಕ್ಕೆ ಸುತ್ತಿಕೊಂಡಿತ್ತು. ಎಡಗೈ ಹುಲ್ಲಿನೊಳಗೆ ಸಿಕ್ಕಿತ್ತು. ಅಲಗುಗಳು ತಿರುಗುತ್ತಿದ್ದವು. ಆದರೆ ತಿರುಗಬೇಕಾದ ಹಾಗಲ್ಲ. ಒಂದು ಅಲಗು... ತಡೆ. ಮತ್ತೊಂದು ಅಲಗು... ತಡೆ. ಓಡುವ ಎಂಜಿನ್ನಿಗೆ ಕಟ್ಟಿದ ರೋಟವೇಟರ್ ಹಾಗೆ ಹೆಜ್ಜೆ ಎಣಿಸಿದಂತೆ ತಿರುಗುವುದು ಸಾಧ್ಯವೇ ಇಲ್ಲ. ಒಂದೊಂದು ಅಲಗಿಗೂ ಅವನ ಮುಖ ಮಣ್ಣಿಗೆ ಇನ್ನಷ್ಟು ಹತ್ತಿರವಾಗುತ್ತಿತ್ತು.

"ಗುಂಡಿ ಎಳೀರಿ ಅಜ್ಜಾರೇ. ಬೇಗ."

ಡೀಸೆಲ್ ತಡೆದು ಎಂಜಿನ್ ನಿಲ್ಲಿಸುವ ಗುಂಡಿ ಸೀಟಿನ ಮುಂದಿತ್ತು. ಅದರ ಮೇಲೆ ಕೈಯಿಟ್ಟೆ. ಆಗ ಸೀಟು ಕಂಡಿತು.

ಅದು ತಗ್ಗಿತ್ತು. ಸ್ಪ್ರಿಂಗುಗಳು ಪೂರ್ತಿ ಒತ್ತಿದ್ದವು. ಮೆತ್ತೆಯ ನಡುವೆ ಆಳವಾದ ಗುಳಿ... ಅದರ ಮೇಲೆ ಯಾರೂ ಇರಲಿಲ್ಲ.

ನಾನು ಗುಂಡಿ ಎಳೆಯಲಿಲ್ಲ.

"ಅವತ್ತು ವೈರ್ ಹಾಕ್ದೋರು ಯಾರು?" ಎಂದೆ. ನನ್ನ ದನಿ ಎಷ್ಟು ಶಾಂತವಾಗಿತ್ತೆಂಬುದು ಇಂದಿಗೂ ನೆನಪಿದೆ.

"ಯಾವ ವೈರು ರೀ..."

ಇನ್ನೊಂದು ಅಲಗು.

"ನಾನೇ. ನಾನೇ ಹಾಕಿದ್ದು. ಗಂಟೆ ಮುಗೀತಿರ್ಲಿಲ್ಲ. ಹಾಲೇಶಂಗೆ ಹೇಳಿರ್ಲಿಲ್ಲ."

"ಹಗ್ಗ?"

"ಆಮೇಲೆ ಕಟ್ಟಿದೆ. ಜನ ಬರೋದ್ರೊಳಗೆ."

ಆಗಲಾದರೂ ಎಳೆಯಬೇಕಿತ್ತು. ನಾನು ದಾಖಲೆ ಪುಸ್ತಕವನ್ನು ತೆರೆದು ಅವನ ಬಲಗೈಯ ಮುಂದಿಟ್ಟೆ, ಪೆನ್ನು ಕೊಟ್ಟೆ, ಟಾರ್ಚು ಹಿಡಿದೆ. ಕೆಸರಿಗೆ ಕೆನ್ನೆ ಒತ್ತಿಕೊಂಡೇ ಅವನು ಬರೆದ. ವೈರು, ಹಗ್ಗ, ಹಾಲೇಶನಿಗೆ ಏನೂ ತಿಳಿದಿರಲಿಲ್ಲವೆಂಬುದು, ಎಲ್ಲ. ಕೆಳಗೆ ಸಹಿ ಹಾಕಿದ.

ಆಮೇಲೆ ಗುಂಡಿ ಎಳೆದೆ.

ಎಂಜಿನ್ ನಿಲ್ಲಲಿಲ್ಲ.

ಡೀಸೆಲ್ ಇಲ್ಲದೆ ಎಂಜಿನ್ ಎಷ್ಟು ಹೊತ್ತು ಓಡೀತು? ನಾಲ್ಕು ಉಸಿರು, ಐದು ಉಸಿರು. ಇದು ಓಡುತ್ತಲೇ ಇತ್ತು. "ಬರ್ದೆನಲ್ಲ ಅಜ್ಜಾರೇ," ಎಂದು ಅವನು ಪಿಸುಗುಟ್ಟಿದ, "ಎಲ್ಲ ಬರ್ದೆನಲ್ಲ..." ಅಲಗು ಇನ್ನೊಮ್ಮೆ ತಿರುಗಿತು. ಅವನ ಎಡಗೈಯ ಎರಡು ಬೆರಳುಗಳು ಹೋದವು.

ಆಗ ನನ್ನ ಬಾಯಿಂದ ಮಾತು ಹೊರಟಿತು. "ಸಾಕು. ಸಾಕು, ಬಿಡು." ಯಾರಿಗೆ ಹೇಳಿದೆನೋ ಗೊತ್ತಿಲ್ಲ.

ಎಂಜಿನ್ ನಿಂತಿತು. ಸೀಟು ಮೇಲೆದ್ದಿತು. ಸ್ಪ್ರಿಂಗು ಪುಟಿಯುವ ಹಾಗಲ್ಲ. ವಯಸ್ಸಾದವರು ಮೊಣಕಾಲು ಹಿಡಿದುಕೊಂಡು ಏಳುವ ಹಾಗೆ, ನಿಧಾನವಾಗಿ.

ಚಾಕುವಿನಿಂದ ಪಟ್ಟಿ ಕೊಯ್ದು, ಹುಲ್ಲು ಬಿಡಿಸಿ, ಅವನನ್ನು ಎಳೆದುಕೊಂಡೆ. ಮಂಜಪ್ಪ ಬಂದವನೇ ಅವನನ್ನು ಶಿಕಾರಿಪುರದ ಆಸ್ಪತ್ರೆಗೆ ಸಾಗಿಸಿದ. ಶ್ರೀನಿಧಿ ಬರೆದದ್ದನ್ನು ಅಲ್ಲಗಳೆಯಲಿಲ್ಲ. ಕೆಲಸ ಬಿಟ್ಟು ಹೋದ. ಕಂಪನಿಯವರು ವರದಿ ತಿದ್ದಿದರು. ಹಾಲೇಶನ ತಪ್ಪಿಲ್ಲ ಎಂಬ ಸಾಲು ಅಚ್ಚಾಗಿ ಬಂತು.

ಅದನ್ನು ಗಿರಿಜಮ್ಮನ ಮನೆಗೆ ಒಯ್ದು ಎರಡು ಸಲ ಓದಿ ಹೇಳಿದೆ. ಕಣ್ಣೊರೆಸಿಕೊಂಡಳು. ಊರಲ್ಲೆಲ್ಲ ಹಬ್ಬಿದ್ದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

"ನಮ್ಮನೆಯವ್ರೇ ಬಂದಿದ್ರು ಅಂತಾರಲ್ಲ, ಹೌದೇನ್ರೀ?"

"ಸೀಟಿನ ಮೇಲೆ ಭಾರ ಇದ್ದದ್ದು ನಿಜ ಕಣಮ್ಮ."

ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಆ ಹುಡುಗನ ಬೆರಳು ಯಾವಾಗ ಹೋದ್ವು? ಬರ್ಯೋಕೆ ಮುಂಚೆನಾ, ಆಮೇಲಾ?"

ಸುಳ್ಳು ಹೇಳಬಹುದಿತ್ತು. "ಆಮೇಲೆ," ಎಂದೆ.

ಗಿರಿಜಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. "ಹಂಗಾದ್ರೆ ಅದು ಅವರಲ್ಲ ಬಿಡ್ರಿ. ತಪ್ಪಾತು ಅಂದೋನ ಮೇಲೆ ಕೈ ಮಾಡೋ ಜನ ಅಲ್ಲ ಅವರು."

ಹಾಲೇಶನೇ ಬಂದಿದ್ದನೆಂದು ಮಂಜಪ್ಪ ಇಂದಿಗೂ ಹೇಳುತ್ತಾನೆ. ಒಪ್ಪಿಕೊಂಡರೆ ನನಗೂ ನಿದ್ರೆ ಬಂದೀತು. ಆದರೆ ಆ ಹೆಣ್ಣುಮಗಳಿಗಿಂತ ಅವನನ್ನು ಬಲ್ಲವರು ಯಾರಿದ್ದಾರೆ? ಸಹಿ ಬಿದ್ದ ಮೇಲೂ ಆ ಅಲಗು ತಿರುಗಲೆಂದು ಬಯಸಿದವನು ಆ ಗದ್ದೆಯಲ್ಲಿ ಒಬ್ಬನೇ ಇದ್ದ. ಅವನು ಟಾರ್ಚು ಹಿಡಿದು ನೆಲದ ಮೇಲೆ ನಿಂತಿದ್ದ...

ನಿಂತಿದ್ದನೆಂದೇ ನನ್ನ ನೆನಪು.